ಕಿರುಬೆರಳ ಬಣ್ಣ

ಬೇಸಿಗೆ ಬಂತೆಂದರೆ ಹಿಂದಿನವರು ಮಾಳಿಗೆ ಹತ್ತಿ ಮಲಗುತ್ತಿದ್ದರಂತೆ. ಈಗ ಬೇಸಿಗೆ ಬಂತೆಂದರೆ ನಮ್ಮೂರು ನೆಲದೊಳಗೆ ಇಳಿಯುತ್ತದೆ. ಯುಗಾದಿ ಕಳೆದು ಬೇವಿನ ಹೂವು ಉದುರುವ ಹೊತ್ತಿಗೆ, ಮಧ್ಯಾಹ್ನ ಬಯಲಲ್ಲಿ ನಿಂತ ಮನುಷ್ಯ ಸಂಜೆ ನೋಡುವುದಿಲ್ಲ. ಅದಕ್ಕೇ ಊರಿಗೆ ಊರೇ ಹಾಸಿಗೆ ಸುತ್ತಿಕೊಂಡು ಹಳೆಯ ಚಿನ್ನದ ಗಣಿಗೆ ಇಳಿದು, ಮುಂಗಾರಿನ ಮಿರಗದ ಮಳೆ ಕೂಡುವವರೆಗೆ ಅಲ್ಲೇ ಬದುಕುತ್ತದೆ. ಚಿನ್ನ ನಮ್ಮ ಮುತ್ತಜ್ಜಂದಿರ ಕಾಲಕ್ಕೇ ಮುಗಿಯಿತು. ಈಗ ಅಲ್ಲಿ ಸಿಗುವುದು ನೆರಳು ಮಾತ್ರ. ನಮಗೆ ಬೇಕಾಗಿರುವುದೂ ಅಷ್ಟೇ.

ಸುರಂಗಗಳಿಗೆ ನಾವು ಓಣಿ ಎಂದೇ ಅನ್ನುತ್ತೇವೆ. ಅಡುಗೆ ಓಣಿ, ಶಾಲೆ ಓಣಿ, ಬಾಣಂತಿ ಓಣಿ. ಮೇಲಿನ ಓಣಿಗಳಿಗೂ ಇವಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಎಲ್ಲರಿಗೂ ಸೇರಿ ಗಾಳಿ ಒಂದೇ. ಒಳಗಿದ್ದ ಗಾಳಿಯನ್ನೇ ಸೋಸಿ, ತಂಪು ಮಾಡಿ, ತಿರುಗಿಸಿ ತಿರುಗಿಸಿ ಉಸಿರಾಡಬೇಕು. ಸೋಸುವ ಪರದೆ ಧೂಳು ಹಿಡಿಯುತ್ತದೆ, ರೋಗವನ್ನು ಹಿಡಿಯುವುದಿಲ್ಲ. ಒಬ್ಬರು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಮೂರು ಓಣಿ ಕೆಮ್ಮುತ್ತವೆ. ಬಾಣಂತಿ ಓಣಿಗೆ ಮಾತ್ರ ಬೇರೆ ಫ್ಯಾನು, ಬೇರೆ ಗಾಳಿ.

ಆ ಫ್ಯಾನುಗಳನ್ನೂ ಬಾಗಿಲುಗಳನ್ನೂ ನಡೆಸುವ ಕೋಣೆಗೆ ಗಾಳಿಮನೆ ಎಂದು ಹೆಸರು. ಅಲ್ಲಿ ಕೂರುವವಳು ನಾನು, ನೀಲಗಂಗಾ. ಊರಲ್ಲಿ ನನಗೆ ಇನ್ನೊಂದು ಹೆಸರೂ ಇದೆ, 'ಕೀಲಿಕೈ'. ಬೆನ್ನ ಹಿಂದೆ ಅನ್ನುತ್ತಾರೆ, ನನಗೂ ಕೇಳಿಸುತ್ತದೆ. ಬಾಗಿಲು ಹಾಕುವ ಹೊತ್ತು ಬಂದರೆ ನಾನು ಅಣ್ಣ ಅನ್ನುವುದಿಲ್ಲ, ತಮ್ಮ ಅನ್ನುವುದಿಲ್ಲ, ಹಾಕುತ್ತೇನೆ. ಒಬ್ಬರಿಗೆ ಬಿಟ್ಟರೆ ಹತ್ತು ಮಂದಿ ಬರುತ್ತಾರೆ. ಹತ್ತು ಮಂದಿಯ ಹಿಂದೆ ಬಿಸಿಲು ಬರುತ್ತದೆ.

ಗಣಿಗೆ ಇಳಿಯಲು ದೊಡ್ಡ ನಿಯಮ ಒಂದೇ. ಮಕ್ಕಳಿಗೆ ಲಸಿಕೆ ಆಗಿರಬೇಕು, ಮೈಯಲ್ಲಿ ಜ್ವರ ಇರಬಾರದು. ಇಳಿಯಲು ಬಿಡದವರು ಮೇಲೆ ಬಿಸಿಲ ಶೆಡ್ಡಿನಲ್ಲೇ ಬೇಸಿಗೆ ಕಳೆಯಬೇಕು. ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಊರು ಮೊದಮೊದಲು ಇಳಿಯಲು ಶುರುಮಾಡಿದಾಗ ಯಾರೋ ಒಬ್ಬರ ಜೊತೆ ದಡಾರ ಇಳಿಯಿತಂತೆ. ದಡಾರದಷ್ಟು ಬೇಗ ಹರಡುವ ರೋಗ ಇನ್ನೊಂದಿಲ್ಲ. ರೋಗಿ ಎದ್ದು ಹೋದ ಮೇಲೂ ಎರಡು ತಾಸು ಅದು ಗಾಳಿಯಲ್ಲಿ ಕೂತಿರುತ್ತದೆ. ಮುಚ್ಚಿದ ಗಣಿಯಲ್ಲಿ ಅದು ಏನು ಮಾಡಿತು ಎಂಬುದನ್ನು ಹೇಳಲು ಗಣಿಯ ದ್ವಾರದ ಪಕ್ಕ ಒಂದು ಕಟ್ಟೆ ಇದೆ. ಕಟ್ಟೆಯ ಮೇಲೆ ಸಣ್ಣ ಸಣ್ಣ ಕಲ್ಲುಗಳಿವೆ. ಅಲ್ಲಿ ಯಾರೂ ಕೂರುವುದಿಲ್ಲ.

ಊರು ಇಳಿದು ದ್ವಾರ ಹಾಕುವ ದಿನ ಗಟ್ಟಿ ಕೈಗಳಿಗೆಲ್ಲ ಕೆಲಸ. ನನ್ನ ಗಂಡ ದುರುಗಪ್ಪ ಲಿಫ್ಟಿನ ಹಗ್ಗದ ಬಳಿ, ನಾನು ಗಾಳಿಮನೆಯಲ್ಲಿ. ಹಾಗಾಗಿ ಆ ದಿನ ಮಕ್ಕಳು ಅಜ್ಜಿಯರ ಪಾಲು. ದ್ವಾರದ ಮುಂದೆ ನರ್ಸಮ್ಮನ ಟೇಬಲ್ಲು. ಜ್ವರ ನೋಡಿ, ಬಾಕಿ ಇದ್ದ ಸೂಜಿ ಹಾಕಿ, ಎಡಗೈ ಕಿರುಬೆರಳಿಗೆ ನೇರಳೆ ಬಣ್ಣ ಹಚ್ಚುತ್ತಾರೆ. ಬಣ್ಣ ಕಂಡರೆ ದಾರಿ ಬಿಡುತ್ತಾರೆ. ಅಜ್ಜಿಯರು ಕೂಸುಗಳ ಕಿರುಬೆರಳು ಎತ್ತಿ ಹಿಡಿದು ಸಾಲಾಗಿ ಲಿಫ್ಟಿಗೆ ಬರುವುದನ್ನು ನೋಡುವುದೇ ಒಂದು ಚಂದ.

ನನಗೆ ಅವಳಿ ಹೆಣ್ಣುಮಕ್ಕಳು, ತುಂಗಾ ಮತ್ತು ಭದ್ರಾ. ಮಿರಗದ ಮಳೆಯಲ್ಲಿ ಹುಟ್ಟಿದವರೆಂದು ಹೊಳೆಗಳ ಹೆಸರಿಟ್ಟೆವು. ದಡಾರದ ಸೂಜಿ ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷ ದಾಟಿದ ಮೇಲೆ ಇನ್ನೊಂದು. ಮಿರಗದ ಮಕ್ಕಳಿಗೆ ಎರಡೂ ಸರಿಯಾಗಿ ದ್ವಾರ ಹಾಕುವ ದಿನವೇ ಬರುತ್ತವೆ. ಎರಡು ವರ್ಷವೂ ಅವರನ್ನು ಕರೆತಂದವರು ನನ್ನ ಅತ್ತೆ ಹುಲಿಗೆಮ್ಮ. ಎರಡು ವರ್ಷವೂ ನಾನು ಗಾಳಿಮನೆಯ ಕ್ಯಾಮೆರಾ ಪರದೆಯಲ್ಲಿ ನೋಡಿದ್ದೆ, ಅತ್ತೆಯ ಎರಡು ಬಗಲಲ್ಲಿ ಎರಡು ಕೂಸು, ಎರಡು ನೇರಳೆ ಬೆರಳು.

ಈ ಕಥೆ ನಡೆದ ವರ್ಷ ಮಕ್ಕಳು ಶಾಲೆಯಲ್ಲಿ ಎರಡನೇ ಇಯತ್ತೆ.

ಆ ವರ್ಷ ಕೊನೆಯ ಲಿಫ್ಟಿನಲ್ಲಿ ಒಂದು ಹೊಸ ಯಂತ್ರ ಇಳಿಯಿತು. ಜೊತೆಗೆ ಅದನ್ನು ಕೂಡಿಸಲು ಸೆಲ್ವಂ ಎಂಬ ಫಿಟ್ಟರ್. ಯಂತ್ರಕ್ಕೆ ನಮ್ಮ ಡಾಕ್ಟರು ಶಾಹೀನ್ 'ಓದುಗ' ಎಂದು ಹೆಸರಿಟ್ಟರು. ಒಂದು ಹನಿ ರಕ್ತ ಇಟ್ಟರೆ ಈ ಮೈಗೆ ಯಾವ ಯಾವ ರೋಗದ ಗುರುತಿದೆ ಎಂದು ಓದಿ ಹೇಳುತ್ತದೆ.

ಡಾಕ್ಟರು ಶಾಲೆ ಓಣಿಯಲ್ಲಿ ಮಕ್ಕಳಿಗೆ ಅದನ್ನು ವಿವರಿಸಿದ್ದನ್ನು ನಾನೂ ಗಾಳಿಮನೆಯ ಸ್ಪೀಕರಿನಲ್ಲಿ ಕೇಳಿದ್ದೆ.

"ಬಯಲಾಟಕ್ಕ ತಾಲೀಮು ಮಾಡ್ತಾರಲ್ಲ, ಲಸಿಕಿ ಅಂದ್ರ ಅದು. ರೋಗದ ಕ್ರಿಮಿನ ಹಲ್ಲು ಕಿತ್ತು, ಬಲ ತಗದು, ಮೈಯಾಗ ಬಿಡ್ತೀವಿ. ಮೈ ಅದರ ಜೋಡಿ ಕಾದಾಡಿ ತಾಲೀಮು ಮಾಡ್ಕೋತದ. ಮುಂದ ಖರೇ ರಕ್ಕಸ ಬಂದಾಗ ತಡವರಸೂದಿಲ್ಲ."

"ತಾಲೀಮು ಇಲ್ದಿದ್ರ?" ಎಂದು ಕೇಳಿದ ದನಿ ನಮ್ಮ ತುಂಗಾಳದು.

"ಇಲ್ದಿದ್ರ ಮೈ ಕಲಿಯೂದ್ರಾಗ ರಕ್ಕಸ ಆಟ ಮುಗಿಸಿರ್ತಾನ."

ಓದುಗದಲ್ಲಿ ಹಸಿರು ದೀಪ ಬಂದರೆ ಮೈ ತಾನೇ ಕಲಿತ ನೆನಪು. ಹಳದಿ ಬಂದರೆ ಎರವಲು ನೆನಪು, ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದದ್ದು, ಕೆಲವು ತಿಂಗಳಲ್ಲಿ ಕರಗಿಹೋಗುವಂಥದ್ದು. ದೀಪವೇ ಹತ್ತದಿದ್ದರೆ ಏನೂ ಇಲ್ಲ.

ಓದುಗ ಎಲ್ಲರನ್ನೂ ಓದುವ ಮೊದಲೇ, ಅದನ್ನು ಕೂಡಿಸಿದ ಸೆಲ್ವಂ ಮಲಗಿದ. ನೆಗಡಿ ಅಂದ, ಕಣ್ಣುರಿ ಅಂದ. ಎರಡು ದಿನ ಬಿಟ್ಟು ಬೆಳಿಗ್ಗೆ ಅವನ ಕಿವಿಯ ಹಿಂದಿನಿಂದ ಕೆಂಪು ಗುಳ್ಳೆ ಎದ್ದು ಮುಖಕ್ಕೆ ಇಳಿದವು. ಡಾಕ್ಟರು ಅವನ ಬಾಯಿ ತೆರೆಸಿ ನೋಡಿ ನನಗೆ ಫೋನ್ ಮಾಡಿದರು.

"ನೀಲಾ, ಶಾಲಿ ಓಣಿ ಎರಡೂ ಬಾಗಲಾ ಹಾಕು. ಈಗಿಂದೀಗ. ಗಾಳಿನೂ ಬ್ಯಾರೆ ಮಾಡು."

"ಒಳಗ ಮಕ್ಕಳದಾವ್ರಿ ಡಾಕ್ಟ್ರೇ."

"ಗೊತ್ತದ. ಅದಕ್ಕ ಹಾಕಂದೆ."

ಹಾಕಿದೆ. ಪರದೆಯಲ್ಲಿ ಮಕ್ಕಳು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಭದ್ರಾ ಎದ್ದು ಬಂದು ಬಾಗಿಲಿಗೆ ಕಿವಿ ಹಚ್ಚಿದಳು. ಆ ಹುಡುಗಿಗೆ ಯಾವುದರ ಸದ್ದಾದರೂ ಕಿವಿ ಹಚ್ಚಿ ಕೇಳುವ ಚಟ. ನನಗೆ ಇನ್ನೂ ಭಯವಾಗಿರಲಿಲ್ಲ. ನನ್ನ ಮಕ್ಕಳಿಗೆ ಎರಡೆರಡು ಸಲ ಆಗಿದೆಯಲ್ಲ ಎಂಬ ಧೈರ್ಯ. ಇನ್ನೂ ಹೇಳಬೇಕೆಂದರೆ ಸ್ವಲ್ಪ ಜಂಬವೂ ಇತ್ತು.

ಸೆಲ್ವಂನ ಕಿರುಬೆರಳಲ್ಲೂ ಬಣ್ಣ ಇತ್ತು. ನೇರಳೆ ಬಣ್ಣ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತದೆ.

ಡಾಕ್ಟರು ಅಂಕಿ ಹಾಕಿ ಹೇಳಿದರು. ಗುಳ್ಳೆ ಏಳುವ ಮೊದಲೇ ರೋಗ ಉಸಿರಿನಲ್ಲಿ ಹೊರಗೆ ಬರುತ್ತದೆ. ಅವನು ಓದುಗ ಕೂಡಿಸಲು ಶಾಲೆ ಓಣಿಯಲ್ಲಿ ಕೆಮ್ಮುತ್ತ ಕೂತಿದ್ದು ಮೊನ್ನೆ ಬೆಳಿಗ್ಗೆ. ಗಾಳಿ ತಾಗಿದ ಮೂರು ದಿನದೊಳಗೆ ಲಸಿಕೆ ಹಾಕಿದರೆ, ರೋಗ ಬೇರು ಬಿಡುವ ಮೊದಲೇ ಮೈ ಕಲಿತುಬಿಡುತ್ತದೆ. ಅಂದರೆ ಇವತ್ತಿನ ದಿನ ಮಾತ್ರ ಇದೆ.

"ಮಕ್ಕಳನ್ನೆಲ್ಲ ಓದಿಸಿಬಿಡ್ತೀನಿ. ಎಲ್ಲಾ ಹಸಿರು ಬರ್ತದ, ನೀ ಹೆದರಬ್ಯಾಡ" ಎಂದು ಮುಖಕ್ಕೆ ಮುಸುಕು ಕಟ್ಟಿಕೊಂಡು ಒಳಗೆ ಹೋದರು.

ಒಂದೊಂದೇ ಹೆಸರು, ಒಂದೊಂದೇ ಹಸಿರು. ತುಂಗಾ, ಹಸಿರು. ಆಮೇಲೆ ಭದ್ರಾ ಬೆರಳು ಚಾಚಿದಳು. ದೀಪ ಹತ್ತಲಿಲ್ಲ.

"ಮಶೀನ್ ಬಂದ್ ಬಿತ್ತೇನ್ರಿ?" ಎಂದೆ ನಾನು.

ಡಾಕ್ಟರು ಬೇರೆ ಬೆರಳು ಚುಚ್ಚಿದರು. ಧನುರ್ವಾಯುವಿಗೆ ಹಸಿರು, ಪೋಲಿಯೋಗೆ ಹಸಿರು, ಗಂಟಲಮಾರಿಗೆ ಹಸಿರು. ದಡಾರದ ಮನೆ ಮಾತ್ರ ಕತ್ತಲು. ಮೂರನೇ ಸಲವೂ ಅಷ್ಟೇ. ಭದ್ರಾ ಅಳಲಿಲ್ಲ, ಮೂರು ಬೆರಳನ್ನೂ ಬಾಯಿಗಿಟ್ಟುಕೊಂಡು ಕ್ಯಾಮೆರಾ ನೋಡಿದಳು. ಅವ್ವ ಅಲ್ಲಿಂದ ನೋಡುತ್ತಾಳೆ ಎಂದು ಅವಳಿಗೆ ಗೊತ್ತು.

ನನ್ನ ಬೆರಳಿನ ಕೆಳಗೇ ಆ ಬಾಗಿಲಿನ ಬಟನ್ ಇತ್ತು. ನಾನು ಹಾಕಿದ ಬಾಗಿಲು. ತೆಗೆಯುವ ಹಾಗಿಲ್ಲ.

ಡಾಕ್ಟರು ಹೊರಬಂದು ನೇರವಾಗಿ ಫ್ರಿಜ್ಜಿನ ಬಳಿ ಹೋದರು. ಅಲ್ಲಿಂದ ಮಾತಾಡಿದರು. ಅವರ ದನಿಯಲ್ಲಿ ಹಿಂಜರಿಕೆ ಇತ್ತು.

"ಒಂದs ಬಾಟ್ಲಿ ಅದ, ನೀಲಾ. ಐದು ಮಂದಿಗಾಗ್ತದ. ತೆರೆದ್ರ ನಾಕು ತಾಸಿನಾಗ ಮುಗಿಸಬೇಕು, ಆಮ್ಯಾಲ ಚೆಲ್ಲೂದ. ಬಾಣಂತಿ ಓಣ್ಯಾಗ ಆರು ತಿಂಗಳು ದಾಟಿದ ಕೂಸುಗಳು ಐದದಾವ. ರೋಗ ಒಳಗ ಬಂದಾಗ ಒಂಬತ್ತು ತಿಂಗಳು ಅಂತ ಕಾಯೂದಿಲ್ಲ, ಅವಕ್ಕ ಇವತ್ತ ಹಾಕಬೇಕು."

"ಭದ್ರಾ?"

"ಭದ್ರಾಗ ಎರಡು ಸಲ ಆಗ್ಯಾವ. ಬಣ್ಣ ನೀನೂ ನೋಡೀದಿ, ನರ್ಸಮ್ಮನೂ ನೋಡ್ಯಾಳ. ಮಶೀನ್ ಹೊಸಾದು, ಕೂಡಿಸಿದಾವನ ಕಳ್ಳ. ಕೆಲವ್ರಿಗೆ ನೆನಪು ಸಣ್ಣಗಿದ್ದು ಓದಾಕ ಸಿಗದಿದ್ರೂ ಮೈಯಾಗ ಇರ್ತದ. ಖಂಡಿತ ಏನೂ ಇಲ್ದ ಐದು ಕೂಸು ಬಿಟ್ಟು, ಎರಡು ಸಲ ಆದಾಕಿಗೆ ಮೂರನೇದು ಹ್ಯಾಂಗ ಕೊಡ್ಲಿ, ನೀನ ಹೇಳು."

ಡಾಕ್ಟರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬಾಟಲಿಯನ್ನು ಮಧ್ಯಾಹ್ನ ಊಟದ ಗಂಟೆಗೆ ತೆರೆಯುತ್ತೇನೆ ಎಂದರು. ಪಾಳಿಯಲ್ಲಿದ್ದ ಇನ್ನೊಬ್ಬಾಕೆಗೆ ಕುರ್ಚಿ ಬಿಟ್ಟುಕೊಟ್ಟು ನಾನು ಮನೆಗೆ ಓಡಿದೆ.

ನಮ್ಮ ಮನೆ ಅಂದರೆ ಬಂಡೆಯಲ್ಲಿ ಕೊರೆದ ಒಂದು ಕೋಣೆ, ಒಂದು ಒಲೆ. ಆ ಹೊತ್ತಿಗೆ ಅತ್ತೆ ರೊಟ್ಟಿ ಬಡಿಯುವ ಸದ್ದು ಮೂಲೆಯವರೆಗೂ ಕೇಳಬೇಕು. ಅವತ್ತು ಕೇಳಲಿಲ್ಲ. ಪರಾತದಲ್ಲಿ ಜೋಳದ ಹಿಟ್ಟು ಒಣಗಿತ್ತು. ಅತ್ತೆ ಎರಡೂ ಅಂಗೈಗೆ ಹಿಟ್ಟು ಹಚ್ಚಿಕೊಂಡು ಹಾಗೇ ಕೂತಿದ್ದರು. ದುರುಗಪ್ಪ ಬಾಗಿಲಲ್ಲಿ ನಿಂತಿದ್ದ.

"ಭದ್ರಾ ಹ್ಯಾಂಗದಾಳ?" ಎಂದರು ಅತ್ತೆ.

ಉಳಿದವರೆಲ್ಲ ದಾರಿಯುದ್ದಕ್ಕೂ ಮಕ್ಕಳು ಹೇಗಿದ್ದಾರೆ ಎಂದು ಕೇಳಿದ್ದರು. ಯಂತ್ರ ಏನು ಹೇಳಿತು ಎಂಬುದು ನನಗೂ ಡಾಕ್ಟರಿಗೂ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

"ಭದ್ರಾ ಅಂತ ಯಾಕ ಕೇಳಿದ್ರಿ ಅತ್ತಿ? ತುಂಗಾನೂ ಅಲ್ಲೇ ಅದಾಳಲ್ಲ."

ಅತ್ತೆ ನೆಲ ನೋಡಿದರು. ಹುಲಿಗೆಮ್ಮ ಅಂದರೆ ಓಣಿಯಲ್ಲಿ ಎದುರು ಮಾತಿಲ್ಲದ ಹೆಂಗಸು. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಹನ್ನೆರಡು ವರ್ಷದಿಂದ ಹೇಳುತ್ತ ಬಂದವರು. ಅವರು ಹೀಗೆ ನೆಲ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಮೊದಲ್ನೇ ವರ್ಷ ಅವತ್ತು ಮುಂಜಾನಿಂದ ಭದ್ರಾಗ ಮೈ ಬೆಚ್ಚಗಿತ್ತು" ಎಂದರು. "ಟೇಬಲ್ಲಿಗೆ ತಂದ್ರ ಜ್ವರ ನೋಡ್ತಾರ. ಜ್ವರ ಇದ್ರ ಇಳಸೂದಿಲ್ಲ. ತುಂಗಾನ್ನ ಮುಂದ ಮಾಡಿದೆ. ಸೂಜಿ ಹಾಕಿದ್ರು, ಬಣ್ಣ ಹಚ್ಚಿದ್ರು. ಮಂದಿ ಗದ್ದಲ. ಬಣ್ಣ ಇನ್ನಾ ಹಸಿ ಇತ್ತು. ಭದ್ರಾನ ಕಿರುಬಳ್ಳು ಅದಕ್ಕ ಒತ್ತಿದೆ. ಎರಡೂ ಬಳ್ಳು ಎತ್ತಿ ಹಿಡಕೊಂಡು ಬಂದುಬಿಟ್ಟೆ."

"ಎರಡನೇ ವರ್ಷ? ಆಗ ಜ್ವರ ಇದ್ದಿಲ್ಲಲ್ಲ!"

"ಒಂದನೇದs ಆಗದಾಕಿಗೆ ಎರಡನೇದು ಹಾಕಿದ್ರ ಕೂಸಿಗೆ ಏನರ ಆದೀತಂತ ಅಂಜಿದೆ. ಕೇಳಬೇಕಂದ್ರ ಯಾರ್ನ ಕೇಳ್ಲಿ? ಕೇಳಿದ್ರ ಮೊದಲಿನ್ದು ಹೊರಗ ಬೀಳ್ತದ. ಮತ್ತ ಬಳ್ಳಿಗೆ ಬಳ್ಳು ಒತ್ತಿದೆ."

ನನ್ನ ಕೈಗೆ ಏನು ಸಿಕ್ಕಿತ್ತೋ ಅದನ್ನು ಗೋಡೆಗೆ ಎಸೆದೆ. ಲಟ್ಟಣಿಗೆ ಇರಬೇಕು. "ಆರು ವರ್ಷ! ಆರು ವರ್ಷ ನನ್ನ ಮಗಳು ಏನೂ ಇಲ್ದ ಅಡ್ಡಾಡ್ಯಾಳ. ಸುತ್ತ ಇದ್ದ ಮಕ್ಕಳಿಗೆ ಲಸಿಕಿ ಇತ್ತಂತ, ರೋಗ ಆಕಿ ತನಕ ಬರಾಕ ದಾರಿ ಇದ್ದಿಲ್ಲಂತ ಉಳದಾಳ. ಮಂದಿ ಮಕ್ಕಳು ಗ್ವಾಡಿ ಆಗಿ ನಿಂತಿದ್ವು ಅತ್ತಿ, ನೀವಲ್ಲ! ಜ್ವರ ಇದ್ರ ನನಗ ಹೇಳಬೇಕಿತ್ತು."

ಆಗ ಅತ್ತೆ ತಲೆಯೆತ್ತಿದರು.

"ಹೇಳಿದ್ರ ನೀ ಬಿಡ್ತಿದ್ದೇನು?"

ನಾನು ಬಗ್ಗಿ ಎಸೆದದ್ದನ್ನು ನೆಲದಿಂದ ಎತ್ತಿಕೊಂಡೆ.

"ಅವತ್ತು ದ್ವಾರದ ಪಾಳಿ ನಿಂದs ಇತ್ತು, ನೀಲಾ. ಜ್ವರ ಇದ್ದ ಕೂಸಂದ್ರ ಅವತ್ತು ಬಿಸಿಲ ಶೆಡ್ಡಿಗೆ. ಆ ವರ್ಷ ಶೆಡ್ಡಿನಾಗಿನ ಎಷ್ಟು ಕೂಸು ಮಳಿ ನೋಡಿದ್ವು? ನನ್ನ ತಂಗಿ ದಡಾರದಾಗ ಸತ್ತಾಳವಾ, ನನ್ನ ಮಗ್ಗಲದಾಗ. ನನಗ ದಡಾರ ಗೊತ್ತಿಲ್ಲಂತ ತಿಳಿಬ್ಯಾಡ. ಆದ್ರ ದಡಾರ ಬಂದ್ರೂ ಬಂದೀತು, ಬರದಿದ್ರೂ ಇದ್ದೀತು. ಬಿಸಿಲು ಹೊರಗ ನಿಂತಿತ್ತು. ಕಣ್ಣಿಗೆ ಕಾಣೂ ಹಂಗ ನಿಂತಿತ್ತು."

ದುರುಗಪ್ಪ ಒಳಗೆ ಬಂದು ಬಾಗಿಲು ಮುಂದೂಡಿದ. ದನಿ ತಗ್ಗಿಸಿದ. "ಇಬ್ಬರೂ ಸುಮ್ನಿರ್ರಿ. ಇದು ಹೊರಗ ಹೋದ್ರ ಗೊತ್ತದಲ್ಲ? ದ್ವಾರಕ್ಕ ಮೋಸ ಮಾಡಿದ ಮನಿಗೆ ಬರೋ ಬ್ಯಾಸಗಿಗೆ ಗಣಿ ಇಲ್ಲ. ಐದೂ ಮಂದಿ ಮ್ಯಾಲ. ಒಂದು ಮಗುನ ಉಳಸಾಕ ಹೋಗಿ ಎರಡೂ ಮಕ್ಕಳ್ನ ಬಿಸಿಲಿಗೆ ಹಾಕ್ತೀಯೇನು? ದಡಾರ ಬಂದವರೆಲ್ಲ ಸಾಯೂದಿಲ್ಲ, ನೀಲಾ. ಬಾಳ ಮಂದಿ ಉಳೀತಾರ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಹೇಳದಿದ್ದರೆ ಭದ್ರಾಳ ಮೈಯಲ್ಲಿ ರೋಗ ಬೇರು ಬಿಡುತ್ತದೆ, ಅವಳಿಂದ ಇನ್ನೆಲ್ಲಿಗೆ ಹಾರುತ್ತದೋ. ಹೇಳಿದರೆ ಬರುವ ಯುಗಾದಿಗೆ ನಾವು ಐವರೂ ಬಯಲಿಗೆ. ನಾಲ್ಕೂ ಕಡೆ ಬಂಡೆ, ಮೇಲೆ ಬಂಡೆ, ಅದರ ಮೇಲೆ ಬಿಸಿಲು. ಹನ್ನೆರಡು ವರ್ಷ ನಾನು ಊರನ್ನು ಒಳಗಿಟ್ಟು ಬಾಗಿಲು ಹಾಕಿದ್ದೆ. ನಾನೂ ಒಳಗೇ ಇದ್ದೇನೆ ಎಂಬುದು ಅವತ್ತು ಅರಿವಾಯಿತು.

ಅಡುಗೆ ಓಣಿಯಲ್ಲಿ ಊಟದ ಗಂಟೆ ಬಾರಿಸಿದರು.

ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಎದ್ದರು. "ಗಾಳಿಮನಿ ದಾರಿ ತೋರ್ಸು ನಡಿ."

"ಯವ್ವಾ!" ಎಂದ ದುರುಗಪ್ಪ.

"ನೀ ಸರಿ ಅತ್ಲಾಗ."

ಗಾಳಿಮನೆಯಲ್ಲಿ ಮೈಕು ಎರಡು ಬಗೆ. ಒಂದು ಡಾಕ್ಟರ ಕೋಣೆಗೆ ಮಾತ್ರ ಹೋಗುವುದು, ಇನ್ನೊಂದು ಎಲ್ಲ ಓಣಿಗೂ. ನಾನು ಅತ್ತೆಯ ಮುಂದೆ ಡಾಕ್ಟರ ಮೈಕು ಇಟ್ಟೆ. ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

"ಊರಿಗೆ ಕೇಳೂದು ಯಾವ್ದು?"

"ಡಾಕ್ಟ್ರಿಗೆ ಹೇಳಿದ್ರ ಸಾಕತ್ತಿ."

"ಬಾಣಂತ್ಯಾರು ಐದು ಮಂದಿ ಕೂಸು ತೊಡಿಮ್ಯಾಗ ಇಟ್ಕೊಂಡು ಕುಂತಾರ. ಅವರ ಪಾಲಿಂದು ಕೇಳಬೇಕಾಗ್ಯಾದ. ಕದ್ದು ಕೇಳ್ಲಿ ಹ್ಯಾಂಗ?"

ಆಮೇಲೆ ಅವರು ಮಾತಾಡಿದ್ದು ಇಷ್ಟು. ನನಗೆ ಒಂದಕ್ಷರವೂ ಮರೆತಿಲ್ಲ.

"ನಾನು ಹುಲಿಗೆಮ್ಮ. ಲಿಫ್ಟಿನ ದುರುಗಪ್ಪನ ತಾಯಿ. ನಮ್ಮ ಭದ್ರಾಗ ದಡಾರದ ಸೂಜಿ ಒಂದೂ ಆಗಿಲ್ಲ. ತುಂಗಾನ ಬಳ್ಳಿನ ಹಸಿ ಬಣ್ಣ ಆಕಿ ಬಳ್ಳಿಗೆ ಒತ್ತಿ ನಿಮಗೆಲ್ಲ ಮೋಸ ಮಾಡೀನಿ. ಮಗಗ ಗೊತ್ತಿಲ್ಲ, ಸೊಸಿಗೆ ಗೊತ್ತಿಲ್ಲ, ನಾನೊಬ್ಬಾಕಿನ ಮಾಡಿದ್ದು. ಗಣಿ ತಪ್ಪಿಸೂದಿದ್ರ ನನಗ ತಪ್ಪಸ್ರಿ. ಆ ಬಾಟ್ಲ್ಯಾಗ ಒಂದು ಪಾಲು ಬೇಡ್ತೀನಿ. ನನ್ನ ತಂಗಿ ಹೋಗೂದ್ ನೋಡೀನಿ, ಇನ್ನೊಮ್ಮೆ ನೋಡೂದು ನನ್ನ ಕೈಲಿ ಆಗೂದಿಲ್ಲ."

ಆಮೇಲೆ ಡಾಕ್ಟರು ಓಡುತ್ತ ಬಾಣಂತಿ ಓಣಿಗೆ ಹೋಗುವುದು ಪರದೆಯಲ್ಲಿ ಕಂಡಿತು. ಐದು ಕೂಸುಗಳ ಹಿಮ್ಮಡಿ ಚುಚ್ಚಿ ಓದುಗಕ್ಕೆ ಹಚ್ಚಿದರು. ನಾಲ್ಕು ಕತ್ತಲು, ಒಂದು ಹಳದಿ. ಹಳದಿ ಬಂದದ್ದು ಎಲ್ಲರಿಗಿಂತ ಚಿಕ್ಕ ಕೂಸಿಗೆ, ಆರು ತಿಂಗಳು ಈಗಷ್ಟೇ ದಾಟಿದ ರೇಣವ್ವನ ಮಗನಿಗೆ.

"ತಾಯಿಂದು ಎರವಲು ಇನ್ನಾ ಅದ" ಎಂದರು ಡಾಕ್ಟರು ರೇಣವ್ವನಿಗೆ. "ಈಗ ಹಾಕಿದ್ರ ಆ ಎರವಲs ಲಸಿಕಿನ ತಿಂದುಬಿಡ್ತದ, ಸರಿಯಾಗಿ ಹತ್ತೂದಿಲ್ಲ. ಆದ್ರ ಎರವಲು ಎಷ್ಟು ದಿನ ತಡೀತದ ಅಂತ ನಾನು ಮಾತು ಕೊಡಂಗಿಲ್ಲ. ಸುತ್ತಿನವ್ರು ಗಟ್ಟಿ ಇದ್ರ ಇಂವಾ ಉಳೀತಾನ. ಅದನ್ನಷ್ಟ ಹೇಳಬಲ್ಲೆ."

ರೇಣವ್ವ ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಸಿಟ್ಟಿನಿಂದಲೇ ಅಂದಳು, "ಆ ಹುಡುಗಿಗೆ ಹಾಕ್ರಿ. ಆಕಿಗೆ ಬಂದ್ರ ನನ್ನ ಕೂಸಿಗೂ ಬರ್ತದ. ಆದ್ರ ಆ ಮುದುಕಿ ಮಾರಿ ನಾ ನೋಡೂದಿಲ್ಲ."

ಭದ್ರಾಗೆ ಅವತ್ತೇ ಸೂಜಿ ಬಿತ್ತು, ಹಸಿರು ಬಂದ ಮಕ್ಕಳೆಲ್ಲ ಶಾಲೆ ಓಣಿಯಿಂದ ಮನೆಗೆ ಬಂದರು. ಆದರೂ ಸಮಯಕ್ಕೆ ಹತ್ತಿತೋ ಇಲ್ಲವೋ ತಿಳಿಯಲು ಮೂರು ವಾರ ಅವಳನ್ನು ಎಲ್ಲರಿಂದ ದೂರ ಇಡಬೇಕು. ಕೊನೆ ಓಣಿ, ಅಲ್ಲೊಂದು ಕೋಣೆ, ಗಾಜಿನ ಕಿಟಕಿ. ಜೊತೆಗೆ ಒಬ್ಬರು ಬೇಕು, ದಡಾರ ತಾಗದವರು. ಓದುಗ ಅತ್ತೆಯ ರಕ್ತ ಓದಿದಾಗ ಹಸಿರು ದೀಪ ಝಗ್ಗೆಂದು ಹತ್ತಿತು. ತಂಗಿಯನ್ನು ಕೊಂದ ರೋಗ ಅಕ್ಕನ ಮೈಗೆ ಎಂಥ ಪಾಠ ಕಲಿಸಿತ್ತೆಂದರೆ, ಅರವತ್ತು ವರ್ಷವಾದರೂ ಅಳಿದಿರಲಿಲ್ಲ. ಆ ಪಾಠವನ್ನೇ ಮೈ ಒಂದು ಸೂಜಿಯ ನೋವಿನಲ್ಲೇ ಕಲಿಯಬಹುದಲ್ಲ ಎಂದುಕೊಂಡೆ. ಅತ್ತೆಗೆ ಹೇಳಲಿಲ್ಲ. ಅವರಿಗೆ ಗೊತ್ತಿತ್ತು.

ಅಜ್ಜಿಯೂ ಮೊಮ್ಮಗಳೂ ಒಳಗೆ ಹೋದರು. ಬಾಗಿಲು ಹಾಕಿದವಳು ನಾನೇ.

ಆ ದಿನಗಳನ್ನು ಹೇಗೆ ಹೇಳಲಿ? ಬೆಳಿಗ್ಗೆ ಎದ್ದರೆ ಗಾಜಿನ ಬಳಿ ಹೋಗಿ ಭದ್ರಾಳ ಕಿವಿಯ ಹಿಂದೆ ನೋಡುವುದು. ಅವಳು ಕೂದಲು ಎತ್ತಿ ತೋರಿಸುತ್ತಿದ್ದಳು. ಆಮೇಲೆ ಪಾಳಿಗೆ ಹೋಗಿ, ಬೇರೆ ಪರದೆಯಲ್ಲಿ ರೇಣವ್ವನ ಕೂಸನ್ನು ನೋಡುವುದು. ತುಂಗಾ ಒಂದೇ ಸಮ ಕೇಳುತ್ತಿದ್ದಳು, "ಯವ್ವಾ, ನನ್ನ ಬಳ್ಳಿನ ಬಣ್ಣ ನಾನs ಕೊಟ್ನೇನು ಆಕಿಗೆ?" ಇಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ದುರುಗಪ್ಪ ತಾಯಿಯ ಜೊತೆ ಗಾಜಿನಾಚೆಯಿಂದಲೂ ಮಾತಾಡಲಿಲ್ಲ. ಒಂದು ಸಂಜೆ ಭದ್ರಾಗೆ ಮೈ ಬಿಸಿಯಾಯಿತು. ಲಸಿಕೆಯ ಜ್ವರವೂ ಇರಬಹುದು, ದಡಾರವೂ ಇರಬಹುದು ಎಂದರು ಡಾಕ್ಟರು. ನಾನು ಗಾಜಿಗೆ ಹಣೆಯೊತ್ತಿ ನಿಂತೆ. ಒಳಗೆ ಅತ್ತೆ ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಾಕುತ್ತಿದ್ದರು. ಒಮ್ಮೆ ನನ್ನ ಕಡೆ ತಿರುಗಿ, ಊಟ ಮಾಡಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಜ್ವರ ಇಳಿಯಿತು. ಗುಳ್ಳೆ ಏಳಲಿಲ್ಲ. ಸೆಲ್ವಂ ಒಬ್ಬನೇ ನರಳಿ ನರಳಿ ಎದ್ದ, ಇನ್ನು ಯಾರಿಗೂ ತಾಗಲಿಲ್ಲ. ಮೂರು ವಾರ ತುಂಬಿದ ದಿನ ಓದುಗದಲ್ಲಿ ಭದ್ರಾಳ ದಡಾರದ ಮನೆಯಲ್ಲಿ ಸಣ್ಣಗೆ ಹಸಿರು ಹತ್ತಿತು. ಅವಳು ಯಂತ್ರಕ್ಕೆ ಕಿವಿ ಹಚ್ಚಿ, "ಏನೂ ಸಪ್ಪಳ ಇಲ್ಲ" ಎಂದಳು. ಡಾಕ್ಟರು ನಗುತ್ತ ಕೂತುಬಿಟ್ಟರು.

ಮಳೆ ಬಿತ್ತು, ಊರು ಮೇಲೆ ಹತ್ತಿತು. ಪಂಚರು ಸೇರಿದರು. ಡಾಕ್ಟರು ಎದ್ದು, "ಸಣ್ಣ ಜ್ವರ ಇದ್ರೂ ಸೂಜಿ ಹಾಕಬಹುದು, ಬ್ಯಾಡ ಅಂದಿದ್ದು ದ್ವಾರದ ನಿಯಮ. ಜ್ವರ ಬಂದ ಕೂಸಿಗೆ ಒಳಗ ಬ್ಯಾರೆ ಓಣಿ ಕೊಟ್ಟಿದ್ರ ಯಾವ ಅಜ್ಜಿನೂ ಬಣ್ಣ ಕದಿಯೂದಿಲ್ಲ" ಎಂದರು. ಅದಕ್ಕೆ ಪಂಚರು ಒಪ್ಪಿದರು. ಕೊನೆ ಓಣಿ ಜ್ವರದ ಓಣಿಯಾಯಿತು. ದ್ವಾರದ ಟೇಬಲ್ಲಿನ ಮೇಲೆ ಓದುಗ ಬಂತು. ಆದರೆ ಮೋಸ ಮೋಸವೇ ಅಂದರು. ಹುಲಿಗೆಮ್ಮನೇ ತಾನೊಬ್ಬಳೇ ಮಾಡಿದ್ದು ಅಂದಿದ್ದಾಳೆ, ಅವಳೊಬ್ಬಳಿಗೆ ಬರುವ ಬೇಸಿಗೆ ಗಣಿ ಇಲ್ಲ. ನಿಯಮ ನಿಯಮವೇ. ಆ ಮಾತು ನನ್ನದೇ. ಹನ್ನೆರಡು ವರ್ಷ ನಾನೇ ಹೇಳಿಕೊಟ್ಟದ್ದು.

ಅತ್ತೆ ಚಳಿಗಾಲ ಪೂರ್ತಿ ನನ್ನ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಲೇ ಇದ್ದರು.

ಯುಗಾದಿ ಬಂತು, ಬೇವಿನ ಹೂವು ಉದುರಿತು. ದ್ವಾರ ಹಾಕುವ ದಿನ ನಾನು ಗಾಳಿಮನೆಯಲ್ಲಿ ಕೂತೆ. ಮಕ್ಕಳು ಓದುಗದ ಹಸಿರು ತೋರಿಸಿ ಇಳಿದರು, ತುಂಗಾ, ಹಿಂದೆಯೇ ಭದ್ರಾ. ರೇಣವ್ವ ಮಗನನ್ನು ಎತ್ತಿಕೊಂಡು ಲಿಫ್ಟಿನ ಬಳಿ ನಿಂತಿದ್ದಳು. ಮಳೆ ಬಿದ್ದ ಮೇಲೆ ಅವನಿಗೂ ಸೂಜಿ ಆಗಿತ್ತು, ಅವನಿಗೂ ಹಸಿರು. ಎಲ್ಲರೂ ಬಂದರು. ಪರದೆಯಲ್ಲಿ ದ್ವಾರದ ಹೊರಗೆ ಒಬ್ಬರೇ ಉಳಿದರು. ಕಟ್ಟೆಯ ಪಕ್ಕ, ಸಣ್ಣ ಕಲ್ಲುಗಳ ಪಕ್ಕ, ಬಗಲಲ್ಲಿ ಗಂಟು ಹಿಡಿದು ಬಿಸಿಲ ಶೆಡ್ಡಿನ ಗಾಡಿಗೆ ಕಾಯುತ್ತ ಹುಲಿಗೆಮ್ಮ ನಿಂತಿದ್ದರು.

"ಎಲ್ಲಾ ಒಳಗ ಬಂದ್ರು. ಹಾಕವಾ ಬಾಗಲಾ" ಎಂದರು ಪಂಚರು.

ಬಟನ್ ಮೇಲೆ ಬೆರಳಿಟ್ಟೆ. ಹೇಳಿದ್ರ ನೀ ಬಿಡ್ತಿದ್ದೇನು ಎಂದು ಅತ್ತೆ ಕೇಳಿದ್ದರು. ಒಂದು ವರ್ಷದಿಂದ ಆ ಪ್ರಶ್ನೆ ನನ್ನ ಜೊತೆಗೇ ಇತ್ತು.

ಊರಿಗೆಲ್ಲ ಕೇಳುವ ಮೈಕು ಹತ್ತಿರ ಎಳೆದುಕೊಂಡೆ. "ನಮ್ಮತ್ತಿ ಒಳಗ ಬರೂತನಕ ಬಾಗಲಾ ಬೀಳೂದಿಲ್ಲ. ನನ್ನ ಕುರ್ಚಿ ನಾಳಿ ತಗೋರಿ. ಇವತ್ತು ಬೀಳೂದಿಲ್ಲ."

ಗದ್ದಲವೆದ್ದಿತು. ಕೀಲಿಕೈಗೆ ತಲೆ ಕೆಟ್ಟಿತು ಎಂದು ಯಾರೋ ಕೂಗಿದರು. ತೆರೆದ ದ್ವಾರದಿಂದ ಬಿಸಿಗಾಳಿ ನುಗ್ಗತೊಡಗಿತು, ನನ್ನ ಎದುರಿನ ಶಾಖಮಾಪಕದ ಮುಳ್ಳು ಮೇಲಕ್ಕೆ ಸರಿಯಿತು. ನಾನು ಬಟನ್ ಒತ್ತಲಿಲ್ಲ. ಲಿಫ್ಟಿನ ಬಳಿ ದುರುಗಪ್ಪ ಹಗ್ಗ ಬಿಟ್ಟು ಮುಖ ಮುಚ್ಚಿಕೊಂಡು ನಿಂತಿದ್ದ. ಆಗ ರೇಣವ್ವ ಕೂಸನ್ನು ಅವನ ಕೈಗೆ ಕೊಟ್ಟು, ಸೆರಗು ತಲೆಗೆ ಎಳೆದುಕೊಂಡು, ದ್ವಾರ ದಾಟಿ ಬಿಸಿಲಿಗೆ ಹೋದಳು. ಅತ್ತೆಯ ರಟ್ಟೆ ಹಿಡಿದಳು. ಇಬ್ಬರೂ ಏನೋ ಜಗಳವಾಡಿದರು. ಆಮೇಲೆ ರೇಣವ್ವ ಗಂಟು ಕಸಿದುಕೊಂಡು ಒಳಗೆ ನಡೆದಳು. ಗಂಟಿನ ಹಿಂದೆ ಅತ್ತೆಯೂ ಬರಬೇಕಾಯಿತು. ಪಂಚರು ನೋಡುತ್ತ ನಿಂತರು, ಯಾರೂ ಅಡ್ಡ ಬರಲಿಲ್ಲ.

ಹೊಸ್ತಿಲು ದಾಟಿದವರೇ ಅತ್ತೆ ಕ್ಯಾಮೆರಾ ಎಲ್ಲಿದೆ ಎಂದು ಹುಡುಕಿ, ನನ್ನ ಕಡೆ ಕೈ ಬೀಸಿ ಬೈದರು.

"ಬಾಗಲಾ ಹಾಕ, ಹುಚ್ಚಿ! ಒಳಗ ಕೂಸುಗಳದಾವ."